ಅವರವರ ಖರ್ಚು ಅವರವರಿಗೆ

ಗೋಡೆ ಬಿದ್ದದ್ದಕ್ಕೆ ನನಗೆ ಅಂಥ ಸಿಟ್ಟೇನೂ ಬಂದಿರಲಿಲ್ಲ. ಪಕ್ಕದ ಮನೆಯವನ ಲಾರಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಹೇರಿಕೊಂಡು ಹಿಂದಕ್ಕೆ ಬರುವಾಗ ನನ್ನ ಅಡಿಗೆಮನೆಗೆ ಗುದ್ದಿತ್ತು. ಭಂಕೂರಿನಲ್ಲಿ ಕಲ್ಲಿನ ಲಾರಿಗಳಿಗೇನು ಬರವಿಲ್ಲ, ಇಂಥದ್ದು ಆಗುತ್ತದೆ. "ಎಂಟು ದಿನದಾಗ ಕಟ್ಟಿಸಿ ಕೊಡ್ತೀನ್ರಿ ಅಕ್ಕೋರೆ" ಎಂದ. ನಾನು ಶಾಲೆಯ ಟೀಚರ್, ಹಾಗಾಗಿ ಊರಿಗೆಲ್ಲ ಅಕ್ಕೋರು. ಒಂದು ಇಡೀ ಮಳೆಗಾಲ ತಾಡಪತ್ರಿಯ ಮರೆಯಲ್ಲಿ ರೊಟ್ಟಿ ಬಡಿದೆ. ಆಮೇಲೆ ಅವನು ಗೋಡೆಯೇ ಹಳೆಯದಿತ್ತು ಎನ್ನತೊಡಗಿದ. ಚಿತ್ತಾಪುರದ ಕೋರ್ಟಿನಲ್ಲಿ ದಾವೆ ಹಾಕಿದೆ. ಹೋಟೆಲಿನಲ್ಲಿ ನಾಲ್ಕು ಮಂದಿಯ ಮುಂದೆ, "ಅಕ್ಕೋರಿಗೆ ಕೋರ್ಟಿನ ಶೋಕಿ ಹತ್ಯಾದ" ಎಂದನಂತೆ. ಸಿಟ್ಟು ಬಂದದ್ದು ಆಗ.

ಗೆದ್ದವರಿಗೆ ಸೋತವರು ಕೋರ್ಟಿನ ಖರ್ಚು ಕೊಡಬೇಕಾಗುತ್ತದೆ ಎಂದು ನನ್ನ ವಕೀಲರು ಮೊದಲ ದಿನವೇ ಹೇಳಿದ್ದರು. ಕೋರ್ಟ್ ಫೀ, ಸಮನ್ಸಿನ ಖರ್ಚು, ಗೋಡೆ ನೋಡಲು ಕೋರ್ಟು ಕಳಿಸುವ ಕಮಿಷನರ ಫೀ, ನಿಯಮದಲ್ಲಿ ಇರುವಷ್ಟೇ ವಕೀಲರ ಫೀ. "ಖರೇ ಖರ್ಚಿನ ಅರ್ಧನೂ ಬರಂಗಿಲ್ರಿ" ಎಂದರು. ಎಷ್ಟಾದರೂ ಬರಲಿ. ಗೋಡೆಯ ದುಡ್ಡಿಗಿಂತ ನನಗೆ ಅದೇ ಬೇಕಿತ್ತು. ಈ ಹೆಂಗಸು ಶೋಕಿಗಾಗಿ ಬಂದವಳಲ್ಲ, ಇವನಿಂದಾಗಿ ಕೋರ್ಟಿನ ಮೆಟ್ಟಿಲು ಹತ್ತಿದವಳು ಎಂದು ಜಡ್ಜ್ ಸಾಹೇಬರ ತೀರ್ಪು ಹೇಳಬೇಕಿತ್ತು. ಒಂದೊಂದು ರಸೀದಿಯನ್ನೂ ಜೋಪಾನವಾಗಿಟ್ಟೆ.

ಆದರೆ ತಾರೀಖಿನ ದಿನ ನಾನು ಹೋಗುತ್ತಿದ್ದದ್ದು ಅವನ ಜೀಪಿನಲ್ಲೇ. ನಗಬೇಡಿ. ಬಸ್ಸು ತಪ್ಪಿದರೆ ಕೇಸು ಕೂಗುವ ಹೊತ್ತಿಗೆ ಮುಟ್ಟುವುದಾಗುತ್ತಿರಲಿಲ್ಲ. ಅದೂ ಅಲ್ಲದೆ ಒಂದೇ ಕಡೆ ಹೊರಟ ಓಣಿಯವರನ್ನು ರಸ್ತೆಯಲ್ಲಿ ಬಿಟ್ಟು ಹೋಗುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕರೆದರೆ ಹತ್ತದಿರುವುದೂ ಅಲ್ಲ. "ಬರ್ರಿ ಅಕ್ಕೋರೆ, ಕುಂದ್ರಿ" ಎನ್ನುತ್ತಿದ್ದ, ಕೂರುತ್ತಿದ್ದೆ. ದಾರಿಯಲ್ಲಿ ಸಿಗುವ ವಾಡಿಯಲ್ಲಿ ಚಹಾ ಕುಡಿಯುತ್ತಿದ್ದೆವು. ಕೇಸಿನ ಮಾತನ್ನು ಇಬ್ಬರೂ ತೆಗೆಯುತ್ತಿರಲಿಲ್ಲ.

ಪಾಟೀಸವಾಲಿನ ದಿನ ಅವನ ವಕೀಲರು ನನ್ನನ್ನು ಕೇಳಿದರು: "ಇವತ್ತ ಕೋರ್ಟಿಗೆ ಯಾವುದರಾಗ ಬಂದೀರಿ?"

"ಇವರ ಜೀಪಿನಾಗ."

"ಹಿಂದಿನ ತಾರೀಖಿಗೆ?"

"ಅವಾಗೂ ಅದರಾಗೇ ರಿ."

ಪ್ರಮಾಣ ಮಾಡಿ ನಿಂತಮೇಲೆ ಇನ್ನೇನು ಹೇಳಲಿ? ನನ್ನ ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು.

ತೀರ್ಪು ನನ್ನ ಕಡೆಗೇ ಆಯಿತು. ಗೋಡೆಯ ಹಣ ಪೂರ್ತಿ ಕೊಡಬೇಕು. ಕೊನೆಯ ಸಾಲನ್ನು ಮಾತ್ರ ವಕೀಲರು ಎರಡು ಸಲ ಓದಿದರು: ಉಭಯ ಪಕ್ಷಗಾರರು ನೆರೆಯವರು, ಇಂದಿಗೂ ಕೂಡಿಯೇ ಬಂದುಹೋಗುವವರು, ಅವರ ಸೌಹಾರ್ದ ಉಳಿಯಲೆಂಬ ಕಾರಣಕ್ಕೆ ಅವರವರ ಖರ್ಚನ್ನು ಅವರವರೇ ಭರಿಸತಕ್ಕದ್ದು. ಗೆದ್ದವರಿಗೆ ಖರ್ಚು ಕೊಡಿಸದಿದ್ದರೆ ಸಾಹೇಬರು ಕಾರಣ ಬರೆಯಬೇಕಂತೆ. ಆ ಕಾರಣವನ್ನು ನಾನೇ ಕೈಯಾರೆ ಕೊಟ್ಟಿದ್ದೆ. ಗೆದ್ದು ಹೊರಗೆ ಬಂದವಳಿಗೆ ಅಳು ಬಂತು, ಅದೂ ಈ ವಯಸ್ಸಿನಲ್ಲಿ, ಕೋರ್ಟಿನ ಅಂಗಳದಲ್ಲಿ.

ಅವನು ಜೀಪಿನ ಹತ್ತಿರ ಕಾಯುತ್ತಿದ್ದ. "ಸಾಹೇಬ್ರು ಭಾಳ ಛಲೋ ಮಾಡ್ಯಾರ್ರಿ, ನಮ್ಮ ನಡುವ ಜಗಳ ಹಚ್ಚಲಿಲ್ಲ. ಬರ್ರಿ, ಕುಂದ್ರಿ." ಮಾತಿನಲ್ಲಿ ಕೊಂಕೇನೂ ಇರಲಿಲ್ಲ.

"ನೀ ಹೋಗಪ್ಪಾ" ಎಂದು ಬಸ್ ಸ್ಟ್ಯಾಂಡಿನ ಕಡೆಗೆ ನಡೆದೆ.

ಗೋಡೆಯ ದುಡ್ಡನ್ನು ಅವನು ತಕರಾರಿಲ್ಲದೆ ಕಟ್ಟಿದ. ಅಂದಿನಿಂದ ನಾನು ಅವನ ಜೊತೆ ಮಾತಾಡಿಲ್ಲ. ಸಾಹೇಬರು ಖರ್ಚು ಕೊಡಿಸಿದ್ದರೆ ಮಾತಾಡುತ್ತಿದ್ದೆ.