ಮಾಲಿ ತಾತನ ನೇರಳೆ ಮರ

ಮೊನ್ನೆ ಶಿರಾ ಗೇಟ್ ಹತ್ತಿರದ ನಮ್ಮ ಮನೆಯ ಗೇಟಿಗೆ ಬಣ್ಣ ಬಳಿಯೋಣವೆಂದು ಕೆಂಪು ಪೇಂಟಿನ ಡಬ್ಬಿ ತೆರೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ಅಲ್ಲೇ ನಿಂತಿತು. ಮಾಲಿ ತಾತ ನೆನಪಾದ...

ಆಗ ನಾನು ಊರಾಚೆಯ ಗಾಲ್ಫ್ ಮೈದಾನದಲ್ಲಿ ಸೂಪರ್‌ವೈಸರ್. ಆಡುವವರು ಬೇರೆ, ಹುಲ್ಲು ಕಾಯುವವರು ನಾವು. ತಾತ ಗುಬ್ಬಿ ಕಡೆಯವನು. ಹಣೆ ತುಂಬ ವಿಭೂತಿ, ಸೊಂಟದಲ್ಲಿ ಎಲೆಅಡಿಕೆ ಚೀಲ. ಅಲ್ಲಿನ ಅರ್ಧ ಮರಗಳನ್ನು ನೆಟ್ಟವನು ಅವನೇ. ಒಂದು ದಿನ ಮ್ಯಾನೇಜರ್ ಕ್ಲಬ್ಬಿನ ವರಾಂಡದಲ್ಲಿ ನಿಂತು, "ಇಲ್ಲಿ ಕೂತು ಕಾಫಿ ಕುಡಿಯೋರಿಗೆ ದೇವರಾಯನದುರ್ಗ ಕಾಣ್ಬೇಕು ಕಣ್ರೀ. ಈ ಮರಗಳೆಲ್ಲ ಅಡ್ಡ" ಎಂದರು. ಬೆಟ್ಟ ನೋಡಬೇಕೆನ್ನುವವರು ಎದ್ದು ನಾಲ್ಕು ಹೆಜ್ಜೆ ಹಾಕಿದ್ದರೆ ಸಾಕಿತ್ತು. ಇದನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಬಾಯಲ್ಲಿ ಬಂದದ್ದು "ಆಯ್ತು ಸಾರ್".

ಕಡಿಯಬೇಕಾದ ಮರಕ್ಕೆ ಕೆಂಪು ಗುರುತು ಹಾಕುವುದು ನನ್ನ ಕೆಲಸ. ತಾತ ಹಿಂದೆಯೇ ಬರುತ್ತಿದ್ದ. ಗುರುತು ಬಿದ್ದ ಪ್ರತಿ ಮರದ ಬುಡದಲ್ಲೂ ಸಂಜೆ ಎರಡು ವೀಳ್ಯದೆಲೆ, ಒಂದಡಿಕೆ ಇಟ್ಟು, ಕಾಂಡದ ಮೇಲೆ ಅಂಗೈ ಊರಿ ಹೇಳುತ್ತಿದ್ದ: "ನಾಳೀಕೆ ಬತ್ತಾರೆ ಕಣವ್ವಾ. ಮ್ಯಾಲ್ ಗೂಡ್ ಕಟ್ಟಿರೋರೆಲ್ಲ ಇವತ್ತೇ ಬ್ಯಾರೆ ಕಡೀಕ್ ಹೋಗ್ಬುಡಿ. ತಪ್ಪಾಯ್ತು." ಹೇಳದೆ ಮರ ಕಡಿಯುವ ಪದ್ಧತಿ ಅವನೂರಿನಲ್ಲಿ ಇರಲಿಲ್ಲವಂತೆ. ಮೊದಲ ದಿನ ನನಗೆ ನಗು ಬಂತು. ಮೂರನೆಯ ದಿನ ಬ್ರಷ್ ಎತ್ತಲು ನಾಚಿಕೆಯಾಯಿತು... ಆದರೂ ಎತ್ತಿದೆ.

ಚೆಂಡು ಹಾಕುವ ಏಳನೇ ಕುಳಿಯ ಪಕ್ಕ, ಮರಗಳ ಗುಂಪಿನೊಳಗೆ ಒಂದು ನೇರಳೆ ಇತ್ತು. ಹಿಂದೆ ಅಲ್ಲಿ ಕಳೆ ಕೀಳುತ್ತಿದ್ದ ತಾತನ ಹೆಂಡತಿ ಹಣ್ಣು ತಿಂದು ಊರಿದ ಬೀಜ ಅದು. ಬುತ್ತಿ ಪಾತ್ರೆ ತೊಳೆದ ನೀರು ಹಾಕಿ ಎರಡು ಬೇಸಿಗೆ ದಾಟಿಸಿದ್ದಳಂತೆ. ಅವಳು ಹೋಗಿ ಎಷ್ಟೋ ವರ್ಷವಾಗಿತ್ತು. ತಾತ ಮಧ್ಯಾಹ್ನದ ಮುದ್ದೆ ಉಣ್ಣುತ್ತಿದ್ದದ್ದು ಅದರ ಬುಡದಲ್ಲೇ.

"ಇದೊಂದ್ ಬುಟ್ಬುಡಿ ಸಾ. ಕೈ ಮುಗೀತೀನಿ" ಎಂದ.

ಬಿಟ್ಟೆ. ಅದು ಬೆಟ್ಟಕ್ಕೆ ಅಡ್ಡ ಬರುವುದಿಲ್ಲವೆಂದು ಮ್ಯಾನೇಜರಿಗೆ ಸುಳ್ಳು ಹೇಳಿ ಒಪ್ಪಿಸಿದೆ. ಭಾರಿ ಪುಣ್ಯ ಕಟ್ಟಿಕೊಂಡವನಂತೆ ಬೀಗಿದೆ ಕೂಡ.

ಸುತ್ತಲಿನವೆಲ್ಲ ಉರುಳಿದ ಮೇಲೆ ನೇರಳೆ ಬಯಲಲ್ಲಿ ಒಂಟಿಯಾಯಿತು. ಗುಂಪಿನ ನಡುವೆ ಬೆಳಕು ಹುಡುಕುತ್ತ ಸಣ್ಣಗೆ, ಉದ್ದಕ್ಕೆ ಬೆಳೆದ ಮರ. ಇಷ್ಟು ದಿನ ಗಾಳಿ ತಡೆದಿದ್ದವು ಅಕ್ಕಪಕ್ಕದವು. ಮಣ್ಣಿನಲ್ಲೇ ಬದುಕಿದ ತಾತನಿಗೂ ಅದು ಹೊಳೆಯಲಿಲ್ಲ, ನನಗಂತೂ ಬಿಡಿ. ಮೇ ತಿಂಗಳ ಮೊದಲ ಗಾಳಿಮಳೆಗೆ ಮರ ಬುಡಸಮೇತ ಮಗುಚಿಕೊಂಡಿತು.

ಬೆಳಿಗ್ಗೆ ಹೋದಾಗ ತಾತ ಮುರಿದ ಕೊಂಬೆಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲೊಂದು ಗೂಡು. ಅದರಲ್ಲಿ ರೆಕ್ಕೆ ಬಲಿಯದ ಮೂರು ಮರಿಗಳು, ಒದ್ದೆಯಾಗಿ ಸತ್ತಿದ್ದವು. ನನ್ನನ್ನು ಬೈಯಬಹುದಿತ್ತು. ಬೈಯಲಿಲ್ಲ.

"ಎಲ್ಲಾಕೂ ಹೇಳಿದ್ದೆ ಸಾ... ಇದೊಂದ್ಕೇ ಹೇಳಿರ್ನಿಲ್ಲ."

ಮರುದಿನದಿಂದ ಅವನು ಕೆಲಸಕ್ಕೆ ಬರಲಿಲ್ಲ. ದೀಪಾವಳಿ ಹೊತ್ತಿಗೆ ತೀರಿಕೊಂಡ ಸುದ್ದಿ ಬಂತು. ನಾನು ಆಮೇಲೂ ಎರಡು ವರ್ಷ ಅಲ್ಲೇ ಸಂಬಳ ತೆಗೆದುಕೊಂಡೆ. ಆ ವರಾಂಡದಿಂದ ಬೆಟ್ಟ ಚೆನ್ನಾಗಿ ಕಾಣುತ್ತಿತ್ತು. ಹೆಚ್ಚಿನವರು ಬೆಟ್ಟಕ್ಕೆ ಬೆನ್ನು ಹಾಕಿ ಕೂತು ಕಾಫಿ ಕುಡಿಯುತ್ತಿದ್ದರು.

ಮೊನ್ನೆ ತೆರೆದ ಡಬ್ಬಿಯನ್ನು ಹಾಗೇ ಮುಚ್ಚಿಟ್ಟೆ. ಗೇಟು ತುಕ್ಕು ಹಿಡಿದೇ ಇದೆ. ನಾನು ಗುರುತು ಹಾಕಿದ ಒಂದೊಂದು ಮರಕ್ಕೂ ತಾತ ತಪ್ಪಾಯ್ತು ಅಂದ. ಆ ಬೆಳಿಗ್ಗೆ ಎದುರಿಗೇ ನಿಂತಿದ್ದರೂ ತಾತನಿಗೆ ಆ ಮಾತು ನಾನು ಹೇಳಲಿಲ್ಲ.