ಬಿರುಕಿನ ಮೇಲೆ ಮೂರು ಗೆರೆ

ಉರಿಗಾಂ ಚಿನ್ನದ ಗಣಿಯೊಳಗೆ ಮರದ ಆಸರೆ ಕಟ್ಟುತ್ತಿದ್ದ ಮೇಸ್ತ್ರಿಯೊಬ್ಬರು, ದಿನವೂ ಕೆಲಸಕ್ಕೆ ಮೊದಲು ಅಮ್ಮನ ಗುಡಿಯ ವಿಭೂತಿ ಕಲಸಿ ಬಂಡೆಯ ಬಿರುಕಿಗೆ ಅಡ್ಡಲಾಗಿ ಮೂರು ಗೆರೆ ಬಳಿದು ಕೈಮುಗಿಯುತ್ತಿದ್ದರು. "ಅಮ್ಮ ನೋಡ್ಕೊಂತಾಳೆ" ಎನ್ನುವುದು ಅವರ ನಿತ್ಯದ ಮಾತು.

ಕಾಲೇಜಿನಲ್ಲಿ ವಿಜ್ಞಾನ ಓದಿ ಅಳತೆಯ ಕೆಲಸಕ್ಕೆ ಸೇರಿದ್ದ ನನಗೆ ನಗು. "ಬಂಡೆಗೂ ಜ್ವರವೇ ಮೇಸ್ತ್ರಿ?"

"ನಗಿ ಸ್ವಾಮಿ, ನಗಿ."

ಒಂದು ಮಧ್ಯಾಹ್ನ ಮೇಸ್ತ್ರಿ ದೀಪ ಎತ್ತಿ ಬಿರುಕನ್ನು ನೋಡಿದವರೇ ಕೂಗಿದರು. "ಗೆರೆ ಒಡೀತು! ಓಡ್ರಲೇ! ಸ್ವಾಮಿ, ಆ ಪೆಟ್ಟಿಗೆ ಬಿಡಿ!"

ನಾನು ಅಳತೆಯ ಪೆಟ್ಟಿಗೆಗೆ ಬಗ್ಗಿದ್ದೆ. ಅವರು ನನ್ನ ರಟ್ಟೆ ಹಿಡಿದು ಎಳೆದುಕೊಂಡು ಓಡಿದರು. ತಿರುವು ದಾಟಿದ್ದೇ ತಡ, ಹಿಂದೆ ಸಿಡಿಲು ಬಡಿದಂತೆ ಬಂಡೆ ಕುಸಿಯಿತು! ಗಾಳಿ ನಮ್ಮನ್ನು ನೆಲಕ್ಕೆ ಬಿಸಾಡಿತು, ದೀಪಗಳೆಲ್ಲ ಆರಿದವು. ಆ ಸದ್ದು ಈಗಲೂ ನನ್ನ ಎದೆಯೊಳಗಿದೆ.

ಕತ್ತಲಲ್ಲೇ ಅವರು ಒಬ್ಬೊಬ್ಬರ ಹೆಸರು ಕೂಗಿದರು. ಎಲ್ಲರೂ ಓಗೊಟ್ಟರು!

"ಬಂಡೆ ಕೂದಲೆಳೆಯಷ್ಟು ಸರಿದ್ರೂ ಒಣಗಿದ ವಿಭೂತಿ ಒಡೀತೈತೆ ಸ್ವಾಮಿ," ಎಂದರು ಏದುಸಿರು ಬಿಡುತ್ತಾ.

"ಹಾಗಾದರೆ ಸುಣ್ಣ ಸಾಕಿತ್ತಲ್ಲ?"

"ಸುಣ್ಣ ಆದ್ರೆ ಬೆನ್ನು ಕೊಟ್ಟು ಒರಗಿ ಅಳಿಸ್ತಾರೆ. ಅಮ್ಮನ ವಿಭೂತೀನ ಯಾವನೂ ಮುಟ್ಟಲ್ಲ."

"ಮತ್ತೆ ಕೈಮುಗಿಯೋದು ಯಾಕೆ ಮೇಸ್ತ್ರಿ?"

"ಅದಾ? ಅದು, ಗೆರೆ ಒಡೀದೇ ಇರ್ಲಿ ಅಂತ."