ಲೀವಿನೆ ಕೆರೆದ ಎರಡು ಅಕ್ಷರ

ಬ್ರೂಜ್ ಪಟ್ಟಣದಲ್ಲಿ ಪ್ರಾರ್ಥನೆಯ ಪುಸ್ತಕ ಒಬ್ಬರ ಕೈಯಿಂದ ಆಗುವ ಕೆಲಸವಲ್ಲ. ಕರುವಿನ ತೊಗಲನ್ನು ಹದ ಮಾಡಿ ಹಾಳೆ ತೆಗೆಯುವವನು ಒಬ್ಬ, ಅದರ ಮೇಲೆ ಅಕ್ಷರ ಬರೆಯುವವನು ಇನ್ನೊಬ್ಬ, ಸಂತರ ಚಿತ್ರ ಬರೆಯುವವನು ಮತ್ತೊಬ್ಬ. ಅವರೆಲ್ಲರ ಕೆಲಸ ಮುಗಿದ ಮೇಲೆ ಪುಟದ ಅಂಚಿನಲ್ಲಿ ಉಳಿದ ಖಾಲಿ ಜಾಗಕ್ಕೆ ಹೂವು, ಬಳ್ಳಿ, ಹಣ್ಣು, ಬಸವನಹುಳು ತುಂಬುವವರು ಬರುತ್ತಾರೆ. ಲೀವಿನೆ ಹಾಗೆ ಕೊನೆಗೆ ಬರುವವಳು. ಮೂವತ್ತೊಂದು ವರ್ಷದಿಂದ ಅವಳು ಅಂಚುಗಳಲ್ಲೇ ಬದುಕಿದ್ದಳು. ಅವಳು ಬರೆದ ನೊಣವನ್ನು ಓಡಿಸಲು ಹೋಗಿ ಸಂತ ದೊನಾಸರ ಚರ್ಚಿನ ಒಬ್ಬ ಪಾದ್ರಿ ಪುಟಕ್ಕೇ ಏಟು ಹಾಕಿದ್ದರೆಂದು ಊರವರು ಹೇಳಿಕೊಂಡು ನಗುತ್ತಿದ್ದರು.

ಅವಳ ಅಪ್ಪ ತೊಗಲಿನ ಕೆಲಸದವನು. ಏಳು ವರ್ಷಕ್ಕೇ ಮಗಳ ಕೈಗೆ ಅರ್ಧಚಂದ್ರದಂಥ ಕತ್ತಿ ಕೊಟ್ಟು, ಚೌಕಟ್ಟಿಗೆ ಬಿಗಿದ ತೊಗಲಿನ ಮುಂದೆ ನಿಲ್ಲಿಸಿದ್ದ.

"ಕಣ್ಣು ಬೇಡ, ಕಿವಿ ಕೊಡು ಮಗಾ," ಎನ್ನುತ್ತಿದ್ದ. "ತೊಗಲು ಮಾತಾಡ್ತದೆ. ಕರಕರ ಅಂತಿರೋ ತನಕ ಕೆರಿ. ಸರಸರ ಅಂದ್ರೆ ಕೈ ತೆಗಿ. ಇನ್ನೊಂದು ಸಲ ಎಳೆದ್ಯೋ, ತೂತು."

ತೊಗಲಿನ ಮಾತು ಕೇಳಲು ಕಲಿತವಳಿಗೆ ಮನುಷ್ಯರ ಮಾತು ಕೇಳುವುದು ಕಷ್ಟವಾಗಲಿಲ್ಲ. ಓದನ್ನೂ ಅವಳು ಹಾಗೆಯೇ ಕಲಿತದ್ದು. ಚರ್ಚಿನಲ್ಲಿ ಉಳ್ಳವರ ಮನೆಯ ಹೆಂಗಸರು ಸೊಂಟಕ್ಕೆ ತೂಗುಹಾಕಿದ ಪುಟ್ಟ ಪುಸ್ತಕ ತೆಗೆದು ತುಟಿಯಲ್ಲೇ ಓದಿಕೊಳ್ಳುತ್ತಿದ್ದರು. ಲೀವಿನೆ ಅವರ ಹಿಂದೆ ಮೊಣಕಾಲೂರಿ ಕೂತು ಕೇಳುವಳು. ಮಾರನೆಯ ದಿನ ಅಂಗಡಿಯಲ್ಲಿ ಅದೇ ಪ್ರಾರ್ಥನೆಯ ಪುಟ ಕೈಗೆ ಬಂದರೆ, ನಿನ್ನೆ ಕೇಳಿದ ಸದ್ದನ್ನು ಇವತ್ತು ಕಂಡ ಅಕ್ಷರಕ್ಕೆ ಕೂಡಿಸಿ ನೋಡುವಳು. ಹತ್ತು ಹನ್ನೆರಡು ವರ್ಷ ಹೀಗೆ ಕೂಡಿಸುತ್ತ ಕೂಡಿಸುತ್ತ ಒಂದು ದಿನ ಸಾಲುಗಳು ತಾವಾಗಿಯೇ ಮಾತಾಡತೊಡಗಿದವು. ತನಗೆ ಓದು ಬರುತ್ತದೆಂದು ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ. ಅವಳಿಗೆ ಸ್ವಂತದ ಪುಸ್ತಕವೂ ಇರಲಿಲ್ಲ.

ಒಂದು ಸಂಗತಿ ಮಾತ್ರ ಅವಳಿಗೆ ಬಹಳ ಸೋಜಿಗವಾಗಿ ಕಂಡಿತ್ತು. ಯೇಸುವಿನ ತಾಯಿ ಮರಿಯಮ್ಮನವರನ್ನು ಬೇಡಿಕೊಳ್ಳುವ ಒಂದು ಉದ್ದದ ಲ್ಯಾಟಿನ್ ಪ್ರಾರ್ಥನೆಯಲ್ಲಿ ಒಂದು ಜಾಗ ಬರುತ್ತದೆ. ಅಲ್ಲಿ ಗಂಡಸರು 'ಫಾಮುಲೊ ತೂವೊ' ಎಂದರೆ ಹೆಂಗಸರು 'ಫಾಮುಲೆ ತೂವೆ' ಎನ್ನುತ್ತಿದ್ದರು. ನಿನ್ನ ದಾಸನಾದ ನನಗೆ, ನಿನ್ನ ದಾಸಿಯಾದ ನನಗೆ. ಉಳಿದ ಪ್ರಾರ್ಥನೆಯೆಲ್ಲ ಎಲ್ಲರದೂ ಒಂದೇ. ಆ ಒಂದು ಕಡೆ ಮಾತ್ರ ಬೇಡುವವರು ಯಾರೆಂದು ಗೊತ್ತಾಗಿಬಿಡುತ್ತದೆ. ಬರಹದಲ್ಲಿ ಅಂತರ ಎಷ್ಟೆಂದರೆ ಎರಡು ಮಾತಿನ ಕೊನೆಗೆ ಬರುವ ಎರಡು ದುಂಡಗಿನ ಅಕ್ಷರ, 'o'. ದುಂಡನ್ನು ಬಲಗಡೆ ಚೂರು ಒಡೆದು, ನಡುವೆ ಕೂದಲಿನಂಥ ಒಂದು ಗೆರೆ ಎಳೆದರೆ ಅದು 'e' ಆಗಿ, ದಾಸ ದಾಸಿಯಾಗುತ್ತಾನೆ.

ಲೀವಿನೆ ಕೆಲಸ ಮಾಡುತ್ತಿದ್ದದ್ದು ಕೊಲೀನೆಯ ಪುಸ್ತಕದಂಗಡಿಯಲ್ಲಿ. ಕೊಲೀನೆ ವಿಧವೆ, ಗಂಡನ ಅಂಗಡಿಯನ್ನು ಗಂಡನಿಗಿಂತ ಚೆನ್ನಾಗಿ ನಡೆಸುತ್ತಿದ್ದಳು. ಲೀವಿನೆಯ ಪಕ್ಕದ ಮೇಜಿನಲ್ಲಿ ಅಕ್ಷರ ಬರೆಯುವ ಗಿಲ್ಲಿಸ್ ಮೇಷ್ಟ್ರು ಕೂರುತ್ತಿದ್ದರು. ಅರವತ್ತೆಂಟರ ವಯಸ್ಸು, ನೆಟ್ಟಗಿನ ಸಾಲು, ಸೊಟ್ಟಗಿನ ಮಾತು.

ಪುಸ್ತಕದವರ ಸಂಘದ ಕಟ್ಟಳೆ ಕಟ್ಟುನಿಟ್ಟು: ಯಾರ ಕೆಲಸ ಅವರದು. ಅಂಚು ಬರೆಯುವವರು ಅಕ್ಷರ ಮುಟ್ಟಕೂಡದು. ಹಿಂದೆ ಬೆತ್ಕಿನ್ ಎಂಬವಳು ಒಂದೇ ಒಂದು ಅಕ್ಷರ ತಿದ್ದಿದ್ದಕ್ಕೆ ಅವಳ ಹೆಸರನ್ನು ಸಂಘದ ಪಟ್ಟಿಯಿಂದ ಹೊಡೆದುಹಾಕಿದ್ದರು. ಆಮೇಲೆ ಅವಳಿಗೆ ಊರಿನ ಯಾವ ಅಂಗಡಿಯಲ್ಲೂ ಕುಂಚ ಹಿಡಿಯಲು ಬಿಡಲಿಲ್ಲ. ಮೀನುಪೇಟೆಯಲ್ಲಿ ಹೆರಿಂಗ್ ಮೀನು ಮಾರುತ್ತಿದ್ದಳು. ಅಂಗಡಿಯಲ್ಲಿ ಗಾದೆಯೇ ಆಗಿತ್ತು, "ಅಕ್ಷರ ಮುಟ್ಟಿದವಳ ಕೈಗೆ ಹೆರಿಂಗ್" ಎಂದು.

ಉಪವಾಸದ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರಕ್ಕೆ ಇನ್ನೊಂದು ವಾರ ಇತ್ತು. ಅಂಗೈಯಗಲದ ಒಂದು ಪುಸ್ತಕದ ಹಾಳೆಗಳು ಲೀವಿನೆಯ ಮೇಜಿಗೆ ಬಂದವು.

"ಇದು ಯಾರಿಗಮ್ಮ?" ಎಂದು ಕೇಳಿದಳು.

ಕೊಲೀನೆ ಪುಸ್ತಕ ಹೊಲಿಯುವ ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ, "ಅಲೇಡಿಸ್ ಅಂತ. ಸ್ಲೌಸ್ ಬಂದರಿನ ಕಡೆಯೋಳು. ಬೂದಿ ಬುಧವಾರಕ್ಕೆ ಮುಂಚೆ ಬೇಕಂತೆ," ಎಂದಳು.

ಚಿಪ್ಪುಗಳಲ್ಲಿ ಬಣ್ಣ ಕಲಸಿಕೊಂಡು ಲೀವಿನೆ ಬಟಾಣಿ ಬಳ್ಳಿ ಹಬ್ಬಿಸುತ್ತ ಹೋದಳು. ಮೂರನೆಯ ದಿನ ಆ ಪ್ರಾರ್ಥನೆಯ ಪುಟ ಬಂತು. ಕಾಯಿಯ ಒಳಗೆ ಕಾಳು ಕೂರಿಸುತ್ತಿದ್ದ ಅವಳ ಕುಂಚ ನಿಂತಿತು. 'ಫಾಮುಲೊ ತೂವೊ' ಎಂದಿತ್ತು.

ಮೇಷ್ಟ್ರು ಯಾವುದೋ ಗಂಡಸಿನ ಪುಸ್ತಕ ನೋಡಿಕೊಂಡು ಬರೆದಿದ್ದಾರೆ ಅಂದುಕೊಂಡಳು. ಕೇಳಬಹುದಿತ್ತು. ಆದರೆ ಹೋದ ಚಳಿಗಾಲದಲ್ಲಿ, ಸಂತರ ಹಬ್ಬದ ಪಟ್ಟಿಯಲ್ಲಿ ಒಂದು ದಿನ ಹಿಂದುಮುಂದಾಗಿದೆಯೆಂದು ಬಾಯಿಬಿಟ್ಟಾಗ ಮೇಷ್ಟ್ರು ಇಡೀ ಅಂಗಡಿಗೆ ಕೇಳುವಂತೆ, "ನೊಣಕ್ಕೆ ಎಷ್ಟು ಕಾಲು ಅಂತ ನಾನು ನಿನಗೆ ಹೇಳಿಕೊಡೋಕೆ ಬರ್ತೀನೇನಮ್ಮ ಲೀವಿನೆ? ಹಾಗಾದ್ರೆ ಸ್ಟ್ರಾಬೆರಿ ಬರೆಯೋಳ ಲ್ಯಾಟಿನ್ ನನಗೆ ಯಾಕೆ?" ಎಂದು ನಕ್ಕಿದ್ದರು. ಆ ನಗು ಅವಳ ಕಿವಿಯಲ್ಲಿ ಇನ್ನೂ ಇತ್ತು.

ದೇವರಿಗೆ ಅರ್ಥವಾಗುತ್ತದೆ, ಅದು ಅವಳಿಗೆ ಗೊತ್ತು. ದೇವರ ತಾಯಿಗಂತೂ ಇನ್ನೂ ಬೇಗ ಅರ್ಥವಾಗುತ್ತದೆ. ಆದರೆ ಆ ಅಲೇಡಿಸ್ ಎಂಬವಳು ದಿನಾ ಬೆಳಿಗ್ಗೆ ಪುಸ್ತಕ ಬಿಡಿಸಿ, ತಾನು ಬೇಡುವ ಜಾಗ ಬಂದಾಗಲೆಲ್ಲ ಬೇರೆ ಯಾರೋ ಆಗಿಬಿಡಬೇಕಲ್ಲ. ಸಾಯುವ ತನಕ.

ಮಧ್ಯಾಹ್ನ ಮೇಷ್ಟ್ರು ಬಿಯರಿಗೆ ಎದ್ದುಹೋದರು. ಕೊಲೀನೆ ಬಾಗಿಲಲ್ಲಿ ಯಾರೊಡನೆಯೋ ಮಾತಿಗೆ ನಿಂತಿದ್ದಳು. ಲೀವಿನೆ ಅಪ್ಪನ ಸಣ್ಣ ಕತ್ತಿ ತೆಗೆದಳು. ಎರಡು ದುಂಡು, ಎರಡು ಗೀರು. ತೊಗಲು ಉಜ್ಜಲೆಂದು ಹಿಡಿಗೆ ಕೂರಿಸಿದ ನಾಯಿಹಲ್ಲಿನಿಂದ ನಯ ಮಾಡಿ, ಮೇಷ್ಟ್ರ ಶಾಯಿಯಲ್ಲೇ ಎರಡು ಗೆರೆ ಎಳೆದಳು. ಬೆರಳು ಆಡಿಸಿದರೂ ಗೊತ್ತಾಗುವಂತಿರಲಿಲ್ಲ.

ಬೂದಿ ಬುಧವಾರದ ಹಿಂದಿನ ದಿನ ಅಲೇಡಿಸ್ ಬಂದಳು. ಐವತ್ತರ ಹೆಂಗಸು, ಗಾಳಿಗೆ ಕೆಂಪಾದ ಮುಖ. ಅವಳ ಭುಜದ ಮೇಲೆ ಕೈಯಿಟ್ಟುಕೊಂಡು ಗಂಡ ಪಾಸ್ಕೀರ್ ಬಂದ. ಹಡಗುಗಳಿಗೆ ಮರಳದಿಬ್ಬದ ನಡುವೆ ದಾರಿ ತೋರಿಸುತ್ತಿದ್ದವನು. ಹನ್ನೆರಡು ವರ್ಷದ ಹಿಂದೆ ಎರಡೂ ಕಣ್ಣು ಹೋಗಿದ್ದವು.

"ಎಲ್ಲಿ, ಕೈಗೆ ಕೊಡು," ಎಂದು ಪುಸ್ತಕ ಇಸಕೊಂಡು ಮೂಸಿ ನೋಡಿದ. "ಹಳೇದು ಉಪ್ಪುನೀರಿಗೆ ಕೊಳೆತು ಹೋಯ್ತು. ಇದು ಇನ್ನೂ ಕರುವಿನ ವಾಸನೆ ಹೊಡೀತಿದೆ. ಓದೇ, ನಮ್ಮ ಪ್ರಾರ್ಥನೆ ಓದು."

ಅಲೇಡಿಸ್ ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಅವಳು ಒಂದು ಸಾಲು ಹೇಳಿದರೆ ಅವನು ಅದನ್ನೇ ಹೇಳುತ್ತಿದ್ದ. ಲೀವಿನೆ ಕುಂಚ ಕೆಳಗಿಟ್ಟು ಕೇಳುತ್ತಿದ್ದಳು. 'ಫಾಮುಲೆ ತೂವೆ' ಬಂತು. ಪಾಸ್ಕೀರ್ ಹೇಳಲಿಲ್ಲ.

"ಯಾರೇ ಅದು ದಾಸಿ?" ಎಂದ. "ನಾನು ಯಾವಾಗಿಂದ ಲಂಗ ಉಟ್ಟೆ?"

ಅಲೇಡಿಸ್ ಪುಟ ಹತ್ತಿರ ಹಿಡಿದು ನೋಡಿದಳು. "ಅಮ್ಮಾ ಕೊಲೀನೆ, ಓದೋಳು ನಾನಾದ್ರೂ ಪ್ರಾರ್ಥನೆ ಅವರದು, ಗಂಡಸಿನ ಮಾತಲ್ಲೇ ಬರೆಸಿ ಅಂತ ಬಾಯಿಬಿಟ್ಟು ಹೇಳಿದ್ದೆನಲ್ಲ. ಹಳೇ ಪುಸ್ತಕದಲ್ಲಿ ಇದ್ದ ಹಾಗೇ."

"ನೀನು ಹೇಳಿದ್ದೆ ಕಣಮ್ಮ. ನಾನೂ ಮೇಷ್ಟ್ರಿಗೆ ಹೇಳಿದ್ದೆ," ಎಂದು ಕೊಲೀನೆ ಗಿಲ್ಲಿಸ್ ಮೇಷ್ಟ್ರ ಕಡೆ ತಿರುಗಿದಳು. "ಮೇಷ್ಟ್ರೇ, ಹೇಳಿದ್ನೋ ಇಲ್ವೋ?"

ಮೇಷ್ಟ್ರು ಎದ್ದು ಬಂದು ಪುಟವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಬೆರಳು ಆಡಿಸಿದರು. ಬೈಯುತ್ತಾರೆಂದು ಲೀವಿನೆ ಕಾದಳು. ಅವರು ಬೈಯಲಿಲ್ಲ. "ನೀನು ಹೇಳಿದ್ದೆ," ಎಂದರು. ದನಿ ತಗ್ಗಿತ್ತು. "ನಾನು ಸರಿಯಾಗೇ ಬರೆದೆ ಅಂತ... ಅಂದ್ಕೊಂಡಿದ್ದೆ. ಈಚೀಚೆಗೆ ಕಣ್ಣು ಮಂಜು. ಕೈ ತನ್ನಷ್ಟಕ್ಕೆ ತಾನು ಬರೆದುಬಿಡುತ್ತೋ ಏನೋ."

ಲೀವಿನೆ ಆ ದನಿಯನ್ನು ಅವರ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ. ಅವಳು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಷ್ಟು ಚೊಕ್ಕವಾಗಿತ್ತು ಅವಳ ಕೆಲಸ. ಚೊಕ್ಕವಾಗಿದ್ದದ್ದಕ್ಕೇ ಒಬ್ಬ ಮುದುಕ ತನ್ನ ಕೈಯನ್ನೇ ನಂಬದಂತಾಗಿದ್ದ. ಮೀನುಪೇಟೆಯ ತಣ್ಣನೆಯ ಕಲ್ಲುಹಾಸು ಅವಳ ಕಣ್ಣಮುಂದೆ ಬಂತು.

"ಮೇಷ್ಟ್ರು ಸರಿಯಾಗೇ ಬರೆದಿದ್ರು," ಎಂದಳು. "ನಾನು ಕೆರೆದೆ."

ಮೇಷ್ಟ್ರು ಹಾಳೆಯನ್ನು ಬೆಳಕಿಗೆ ಅಡ್ಡ ಹಿಡಿದರು. ಎರಡು ಕಡೆ ತೊಗಲು ಬೆಳ್ಳಗೆ ತೆಳುವಾಗಿ ಕಂಡಿತು.

"ಇದಕ್ಕೆ ಏನಾಗುತ್ತೆ ಅಂತ ಗೊತ್ತಲ್ವಾ ನಿನಗೆ?" ಎಂದಳು ಕೊಲೀನೆ. "ನಾನು ಸಂಘಕ್ಕೆ ಹೇಳಲೇಬೇಕು ಕಣೇ. ಹೇಳದಿದ್ರೆ ನನ್ನ ಅಂಗಡಿಗೇ ಬರುತ್ತೆ."

"ಗೊತ್ತು."

"ಮೊದಲು ಹಾಳೆ ಸರಿಮಾಡಲಿ," ಎಂದರು ಮೇಷ್ಟ್ರು. "ಇನ್ನೊಂದು ಸಲ ಕೆರಿ. ನಾನು ಮೊದಲಿನ ಹಾಗೆ ಬರೀತೀನಿ."

ಲೀವಿನೆ ಕತ್ತಿ ಹಿಡಿದು, ತಲೆ ಬಾಗಿಸಿ, ಕಿವಿಯನ್ನು ಪುಟಕ್ಕೆ ತಂದು ಒಂದೇ ಒಂದು ಸಲ ಮೆಲ್ಲಗೆ ತಾಗಿಸಿದಳು. ಸರ್ ಎಂದಿತು. ಕೈ ತೆಗೆದಳು. "ಆಗಲ್ಲ ಮೇಷ್ಟ್ರೇ. ತೂತಾಗ್ತದೆ."

ಪಾಸ್ಕೀರ್ ಅವಳ ದನಿ ಬಂದ ಕಡೆ ಮುಖ ಮಾಡಿದ. "ಯಾಕಮ್ಮ ಕೆರೆದೆ? ನಿನಗೇನು ಬಂತು ಇದರಿಂದ?"

"ಪುಸ್ತಕ ನಿಮ್ಮ ಹೆಂಡತಿಯದು ಅಂದ್ಕೊಂಡೆ. ದಿನಾ ಬೇಡ್ಕೊಳ್ಳುವಾಗ ಅವರು ತಮ್ಮ ಮಾತು ಬಿಟ್ಟು ಇನ್ನೊಬ್ಬರ ಮಾತು ಹೇಳೋ ಹಾಗಾಗ್ತದಲ್ಲ ಅಂತ ಮನಸ್ಸಿಗೆ ಬಂತು."

ಅವನು ಹೆಂಡತಿಯ ಭುಜ ಹುಡುಕಿ ಕೈಯಿಟ್ಟ. "ಹನ್ನೆರಡು ವರ್ಷದಿಂದ ಅದನ್ನೇ ತಾನೇ ನೀನು ಮಾಡ್ತಿರೋದು? ಮತ್ತೆ ನಿನ್ನದು ಯಾವಾಗ ಹೇಳ್ಕೊಳ್ತೀಯೇ?"

"ಪಾತ್ರೆ ತಿಕ್ಕುವಾಗ," ಎಂದಳು ಅಲೇಡಿಸ್. "ಇದನ್ನೆಲ್ಲ ಊರವರ ಮುಂದೆ ಕೇಳಬೇಕಾ?"

"ಊರವರು ಕೇಳಿಸ್ಕೊಂಡಿದ್ದು ಒಳ್ಳೇದೇ ಆಯ್ತು. ಮೇಷ್ಟ್ರೇ, ಅವಳದನ್ನ ಇದ್ದ ಹಾಗೇ ಬಿಡಿ. ನನ್ನದನ್ನೂ ಎಲ್ಲಾದ್ರೂ ಒಂದು ಮೂಲೆಗೆ ಹಾಕೋಕಾಗುತ್ತಾ?"

ಗಿಲ್ಲಿಸ್ ಮೇಷ್ಟ್ರು ಹೆಬ್ಬಾತಿನ ಗರಿಯ ಲೇಖನಿಯನ್ನು ಹೊಸದಾಗಿ ಚೂಪು ಮಾಡಿದರು. ಆ ಎರಡು ಅಕ್ಷರಗಳ ನೆತ್ತಿಯ ಮೇಲೆ, ಸಾಲಿನ ಸಂದಿಯಲ್ಲಿ, ಸಾಸಿವೆಯಷ್ಟು ಸಣ್ಣ ಎರಡು ದುಂಡು ಬರೆದರು. ಕೈ ಚೂರೂ ನಡುಗಲಿಲ್ಲ. ಅದನ್ನು ಅವರೂ ಗಮನಿಸಿದಂತಿತ್ತು. ಬರೆದು ಮುಗಿಸಿ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಕೊಲೀನಮ್ಮ, ಸಂಘಕ್ಕೆ ಏನಂತ ಹೇಳ್ತೀ?" ಎಂದರು. "ಈ ಪುಟದ ಅಕ್ಷರಕ್ಕೆಲ್ಲ ನಾನೇ ಜವಾಬ್ದಾರ. ಮೇಲಿನದನ್ನ ಈಗ ನಿಮ್ಮೆಲ್ಲರ ಮುಂದೆ ಬರೆದೆ. ಕೆಳಗಿನದೂ ನನ್ನದು ಅಂತ ನಾನು ಅಂದ್ರೆ, ಅಲ್ಲ ಅನ್ನೋರು ಯಾರು?"

ಕೊಲೀನೆ ಅಲೇಡಿಸಳ ಮುಖ ನೋಡಿದಳು. ಅಲೇಡಿಸ್ ಪುಟ ನೋಡುತ್ತಿದ್ದಳು. "ನನಗೆ ಈ ಪುಸ್ತಕ ಹೀಗೇ ಸಾಕಮ್ಮ," ಎಂದಳು. ಕೊಲೀನೆ ನಿಟ್ಟುಸಿರು ಬಿಟ್ಟು ದಾರದುಂಡೆ ಕೈಗೆತ್ತಿಕೊಂಡಳು. ಸಂಘದ ಮಾತು ಅಲ್ಲಿಗೆ ನಿಂತಿತು.

ಮೇಷ್ಟ್ರು ಲೀವಿನೆಯ ಮೇಜಿನ ಬಳಿ ಬಂದು ದನಿ ಇಳಿಸಿದರು. "ಊರವರ ಮಾತೆಲ್ಲ ಕೇಳಿಸ್ಕೊಳ್ತೀಯ. ನನ್ನನ್ನ ಒಂದು ಮಾತು ಕೇಳೋಕಾಗ್ಲಿಲ್ವಾ?"

"ಕೇಳಿದ್ರೆ ನಗ್ತೀರಿ."

"ನಗ್ತೀನಿ. ನಕ್ಕು ಆಮೇಲೆ ಹೇಳ್ತೀನಿ."

ಅವರು ಹೇಳಿದ್ದು ಸರಿಯಾಗಿತ್ತು. ಮೂವತ್ತೊಂದು ವರ್ಷ ಕೇಳುವುದೇ ತನ್ನ ಗುಣವೆಂದುಕೊಂಡವಳು, ಕೇಳಿಸಿಕೊಳ್ಳುವುದನ್ನು ಮಾತ್ರ ಮಾಡಿದ್ದಳು, ಅನುಮಾನ ಬಂದಾಗ ಬಾಯಿಬಿಟ್ಟು ಕೇಳಿರಲಿಲ್ಲ.

ಕಿಟಕಿಯ ಬಳಿ ಗಂಡ ಹೆಂಡತಿ ಮತ್ತೆ ಮೊದಲಿಂದ ಓದುತ್ತಿದ್ದರು. ಆ ಜಾಗ ಬಂದಾಗ ಅಲೇಡಿಸ್ ತಡೆದಳು, ನಾಚಿಕೊಂಡಳು, ಆಮೇಲೆ ತನ್ನದನ್ನು ಹೇಳಿದಳು. ಅದೇ ಗಳಿಗೆಯಲ್ಲಿ ಅವನು ತನ್ನದನ್ನು ಹೇಳಿದ. ಎರಡು ಮಾತು ಒಂದರ ಮೇಲೊಂದು ಬಿದ್ದವು, ಪುಟದಲ್ಲಿ ಇದ್ದ ಹಾಗೆಯೇ.

ಲೀವಿನೆ ಬೇರೆ ಪುಸ್ತಕದ ಹಾಳೆಯೊಂದನ್ನು ಎಳೆದುಕೊಂಡಳು. ಚಿಪ್ಪಿನಲ್ಲಿ ಕೆಂಪು ಒಣಗಿತ್ತು. ಒಂದು ಹನಿ ನೀರು ಬಿಟ್ಟು ಕಲಸಿದಳು. ಕುಂಚ ಅದ್ದುವ ಮೊದಲು ತಲೆಯೆತ್ತಿ ಕೇಳಿದಳು.

"ಮೇಷ್ಟ್ರೇ, ಇದು ಯಾರಿಗೆ?"

ಮೇಷ್ಟ್ರು ನಕ್ಕರು, ಅಂಗಡಿಗೆಲ್ಲ ಕೇಳುವಂತೆ. ಆಮೇಲೆ ಹೇಳಿದರು.